ಕೆಂಪು ಗೀಟು ಬೀಳದ ಟೇಪುಗಳು

ಧ್ವನಿಭಂಡಾರ, ಬಾನುಲಿ ನಿಲಯ
ಮಾರ್ಚ್ ೪, ಬುಧವಾರ

ಇವಳೇ,

ಏನೆಂದು ಕರೆಯಲಿ ಎಂದು ತೋಚದೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನೀನು ನಿನ್ನ ಅಕ್ಕನ ಮನೆಗೆ ಹೋಗಿ ಐದು ವರ್ಷವಾಯಿತು. ‘ಪ್ರೀತಿಯ’ ಎಂದು ಬರೆದರೆ ನಿನಗೆ ನಗು ಬರುತ್ತದೆ. ‘ಶ್ರೀಮತಿಯವರಿಗೆ’ ಎಂದರೆ ಕೋರ್ಟಿನ ನೋಟೀಸು ಬಂದಂತಾಗುತ್ತದೆ. ಕೊನೆಗೆ ಹಳೆಯದೇ ಕೈಗೆ ಬಂತು. ಬೇಡವೆನಿಸಿದರೆ ಆ ಸಾಲು ಬಿಟ್ಟು ಓದು.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದು ಎಂದರೆ ಬೆಳಿಗ್ಗೆ ಒಂಬತ್ತೂವರೆಗೆ ಭಂಡಾರದ ಬೀಗ ತೆಗೆಯುತ್ತೇನೆ, ಸಂಜೆ ಐದೂವರೆಗೆ ಹಾಕುತ್ತೇನೆ. ನಡುವೆ ಟೇಪು ಕೇಳಿಕೊಂಡು ಯಾರೂ ಬರುವುದಿಲ್ಲ. ಕಪಾಟು ಒರೆಸುತ್ತಿದ್ದವಳು ನಿವೃತ್ತಳಾದ ಮೇಲೆ ಆ ಕೆಲಸವೂ ನನ್ನ ತಲೆಗೇ ಬಂದಿದೆ. ಕ್ವಾರ್ಟರ್ಸಿನ ಅಡುಗೆಮನೆಯ ನಲ್ಲಿ ಈಗಲೂ ಸೋರುತ್ತದೆ. ಕೆಳಗೆ ಬಕೆಟ್ಟು ಇಟ್ಟಿದ್ದೇನೆ, ತುಂಬಿದಾಗ ಚೆಲ್ಲುತ್ತೇನೆ.

ವಿಷಯಕ್ಕೆ ಬರುತ್ತೇನೆ. ಸೋಮವಾರ ಪುರಭವನದಲ್ಲಿ ವೆಚ್ಚ ಪರಿಶೀಲನಾ ಸಮಿತಿ ಕೂರುತ್ತದೆ. ಈ ವರ್ಷ ಬೊಕ್ಕಸದಲ್ಲಿರುವುದು ಒಂದೇ ಗಂಟು, ಕೈಚಾಚುವವರು ಇಬ್ಬರು. ನಮ್ಮ ನಿಲಯಕ್ಕೆ ಕೊಡುವ ಅನುದಾನ ಮುಂದುವರಿಸಬೇಕೋ, ಇಲ್ಲ ನಿಲಯ ಮುಚ್ಚಿ ಆ ಹಣದಲ್ಲಿ ಸರ್ಕಾರಿ ಆಸ್ಪತ್ರೆಗೆ ಕ್ಯಾನ್ಸರಿನವರಿಗೆ ವಿಕಿರಣದ ಕರೆಂಟು ಕೊಡುವ ಯಂತ್ರ ತರಬೇಕೋ ಎಂದು ಅವರು ತೀರ್ಮಾನಿಸುತ್ತಾರೆ. ಇದೆಲ್ಲ ನಿನಗೆ ಗೊತ್ತು. ನಮ್ಮ ಕಡೆಯ ಕೊನೆಯ ಸಾಕ್ಷಿ ನೀನೇ ಅಲ್ಲವೇ. ನಿನ್ನೆ ನಿರ್ದೇಶಕರು ನನ್ನನ್ನು ಕೋಣೆಗೆ ಕರೆಸಿ, ನೀನು ಬರೆದು ಕಳಿಸಿದ ಹೇಳಿಕೆಯನ್ನು ಓದಲು ಕೊಟ್ಟರು. ‘ನೋಡಿ, ನಿಮ್ಮ ಮನೆಯವರು ಹೇಗೆ ಬರೆದಿದಾರೆ, ಇದನ್ನ ಕೇಳಿದ ಮೇಲೆ ಬೀಗ ಹಾಕೋಕೆ ಯಾರಿಗೆ ಕೈ ಬರುತ್ತೆ?’ ಎಂದರು. ನೀನು ಐದು ವರ್ಷದಿಂದ ನನ್ನ ಮನೆಯಲ್ಲಿಲ್ಲ ಎಂಬುದು ಅವರಿಗೆ ಗೊತ್ತು. ಆದರೂ ‘ನಿಮ್ಮ ಮನೆಯವರು’ ಎಂದರು, ನಾನೂ ತಿದ್ದಲಿಲ್ಲ.

ಓದಿದೆ. ಒಂದೇ ಪುಟ. ಏಳು ವರ್ಷದ ಹಿಂದೆ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು ಎಂದು ಬರೆದಿದ್ದೀಯ. ಅದಕ್ಕೆ ಮುಂಚೆ ಹದಿನೆಂಟು ವರ್ಷ ಸಂಜೆ ಐದೂಕಾಲಕ್ಕೆ ಮಕ್ಕಳಿಗೆ ಕಥೆ ಹೇಳಿದೆ, ಬೀದಿಯಲ್ಲಿ ಜನ ಕಥೆಯಕ್ಕ ಎನ್ನುತ್ತಿದ್ದರು ಎಂದು ಬರೆದಿದ್ದೀಯ. ‘ಇನ್ನೂರ ಆರು ಕಥೆಗಳು ಆ ಕಟ್ಟಡದಲ್ಲಿವೆ. ನನ್ನ ದನಿ ಈಗ ಇರುವುದು ಅಲ್ಲಿ ಮಾತ್ರ. ಅದರ ಬಾಗಿಲು ಹಾಕಬೇಡಿ’ ಎಂದು ಮುಗಿಸಿದ್ದೀಯ. ಓದಿದರೂ ನನಗೆ ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತು ಎಂಬುದು ಮಾತ್ರ ತಿಳಿಯಿತು. ಕಾಗದವನ್ನು ಮಡಿಸಿ ವಾಪಸು ಕೊಟ್ಟೆ. ಮಡಿಸಿದ್ದಕ್ಕೆ ಬೈದರು, ಅದು ಮೂಲಪ್ರತಿಯಂತೆ.

ಸಮಿತಿಯ ಗುಮಾಸ್ತ ನಿನ್ನ ಹೇಳಿಕೆಯನ್ನು ಓದಿದ ಮೇಲೆ ಸಭೆಗೆ ನಿನ್ನ ಒಂದು ಕಥೆಯನ್ನು ಎರಡು ನಿಮಿಷ ಕೇಳಿಸಬೇಕೆಂಬುದು ನಿರ್ದೇಶಕರ ಯೋಜನೆ. ಟೇಪು ನೂರಾ ಹನ್ನೆರಡು, ‘ದಾರಿ ತಪ್ಪಿದ ಮೋಡ’ ಎಂದು ಚೀಟಿ ಬರೆದು ನನ್ನ ಕೈಗಿಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ಡ್ರೈವರ್ ಬಂದು ಪೆಟ್ಟಿಗೆ ಒಯ್ಯುತ್ತಾನೆ.

ಆ ಟೇಪು ಇಲ್ಲ. ನೂರಾ ಹನ್ನೆರಡೂ ಇಲ್ಲ, ಉಳಿದ ಇನ್ನೂರ ಐದೂ ಇಲ್ಲ. ಅಳಿಸಿ ಎರಡು ವರ್ಷವಾಯಿತು.

ಇಷ್ಟು ಹೇಳಲು ಒಂದೂವರೆ ಪುಟ ಬೇಕಾಯಿತು ನೋಡು. ನಲ್ಲಿ, ಬಕೆಟ್ಟು ಎಲ್ಲ ಬಂತು.

ಹೇಗಾಯಿತೆಂದು ಹೇಳುತ್ತೇನೆ. ಹೊಸ ಟೇಪು ಕೊಳ್ಳಲು ಹಣ ನಿಂತದ್ದು ನಿನ್ನ ಕಾಲದಲ್ಲೇ. ಆಗ ನಾವು ಅಳಿಸಿ ಮತ್ತೆ ಬಳಸುತ್ತಿದ್ದುದು ಉದ್ಘಾಟನಾ ಭಾಷಣಗಳನ್ನು, ಹೋದರೆ ಯಾರೂ ಅಳದಂಥವನ್ನು. ಐದು ವರ್ಷ ಮರುಪ್ರಸಾರವಾಗದ ಟೇಪು ಅಳಿಸುವ ಪಟ್ಟಿಗೆ ಹೋಗಬೇಕು ಎಂಬುದು ನಿಯಮ. ನಿನ್ನ ಕಥೆಗಳು ಪ್ರತಿ ವರ್ಷವೂ ಮತ್ತೆ ಮತ್ತೆ ಬರುತ್ತಿದ್ದವು, ಅವುಗಳ ತಂಟೆಗೆ ಯಾರೂ ಹೋಗುವಂತಿರಲಿಲ್ಲ. ನಿನ್ನ ಆಪರೇಷನ್ ಆದ ವರ್ಷ ಅನುದಾನ ಇನ್ನಷ್ಟು ಕಡಿತವಾಯಿತು. ಐದೂಕಾಲರ ಹೊತ್ತನ್ನು ಒಂದು ಸೋಪಿನ ಕಂಪನಿಯ ಹಾಡುಗಳಿಗೆ ಮಾರಿದರು. ಕಥೆ ಹೇಳುವವಳಿಲ್ಲ, ಕಥೆಯ ಹೊತ್ತೂ ಇಲ್ಲ. ಟೇಪುಗಳು ಕಪಾಟಿನಲ್ಲಿ ಕೂತವು, ಐದು ವರ್ಷ ತುಂಬಿತು, ಪಟ್ಟಿಗೆ ಬಂದವು.

ಆ ಪಟ್ಟಿಯ ಪದ್ಧತಿ ನಿನಗೆ ನೆನಪಿರಬೇಕು. ಮೂರು ತಿಂಗಳಿಗೊಮ್ಮೆ ಬರುತ್ತದೆ. ಭಂಡಾರದವನು ಅದರಲ್ಲಿ ಹತ್ತು ಹೆಸರಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಬಹುದು. ಗೀಟು ಬಿದ್ದದ್ದು ಉಳಿಯುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಆ ಪಟ್ಟಿ ಬಂದ ವಾರ ನಾನು ಜ್ವರದಲ್ಲಿ ಮಲಗಿದ್ದೆ. ಸಂಬಳದ ವಿಭಾಗದಿಂದ ಒಬ್ಬನನ್ನು ನನ್ನ ಜಾಗಕ್ಕೆ ಹಾಕಿದ್ದರು. ಅವನಿಗೆ ಗೀಟಿನ ವಿಷಯ ಯಾರೂ ಹೇಳಿರಲಿಲ್ಲ. ಪಟ್ಟಿ ಬಂದದ್ದು ಬಂದ ಹಾಗೇ ಹೋಯಿತು. ನಾನು ವಾಪಸು ಬಂದಾಗ ಕಪಾಟು ಖಾಲಿ.

ನಿನಗೆ ಆಗಲೇ ಬರೆಯಬೇಕಿತ್ತು. ಬರೆಯಲಿಲ್ಲ.

ನೂರಾ ಹನ್ನೆರಡರ ಪೆಟ್ಟಿಗೆ ಇದೆ, ನಿನ್ನ ಕೈಬರಹದ ಚೀಟಿಯೂ ಅದರ ಬೆನ್ನಿಗೆ ಹಾಗೇ ಇದೆ. ಒಳಗೆ ಈಗ ಪಶುವೈದ್ಯರೊಬ್ಬರು ಕೋಳಿ ಸಾಕಣೆಯ ಬಗ್ಗೆ ಮಾತಾಡುತ್ತಾರೆ. ಕೇಳಿದೆ. ಪಾಪ, ಒಳ್ಳೆಯ ಮಾಹಿತಿಯೇ. ಮೊದಲ ವಾರ ಮರಿಗಳಿಗೆ ಬೆಚ್ಚಗಿನ ನೀರು ಕೊಡಬೇಕಂತೆ.

ನಿರ್ದೇಶಕರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರು ಬೇರೇನೋ ಹೊಂಚುತ್ತಾರೆ, ನಿನ್ನನ್ನು ಸಭೆಯಲ್ಲಿ ನಿಲ್ಲಿಸುವುದನ್ನು ಮಾತ್ರ ಬಿಡುವುದಿಲ್ಲ. ನಿನಗೆ ಮೊದಲು ತಿಳಿಯಬೇಕು ಎನಿಸಿತು. ಇನ್ನೂರು ಜನರ ಮುಂದೆ ನಿನ್ನ ದನಿಗಾಗಿ ನೀನು ಕಾದು ಕೂತಿರುವಾಗ ಅಲ್ಲಿಂದ ಕೋಳಿ ಬರಬಾರದು.

ಯಾವ ಕಡೆ ನ್ಯಾಯ ಎಂದು ನನ್ನನ್ನು ಕೇಳಬೇಡ. ಕ್ಯಾಂಟೀನಿನಲ್ಲಿ ಈ ತಿಂಗಳಿಡೀ ಅದೇ ಮಾತು. ಪ್ರಸಾರಯಂತ್ರ ನೋಡಿಕೊಳ್ಳುವವನು ಬಿಸಿಬಿಸಿಯಾಗಿ ವಾದ ಮಾಡುತ್ತಾನೆ, ಎಲ್ಲ ಕೈಬಿಟ್ಟ ಹೊತ್ತಿನಲ್ಲಿ ಜನರಿಗೆ ಸುದ್ದಿ ಮುಟ್ಟಿಸೋದು ನಾವೇ ಅಲ್ವಾ ಎನ್ನುತ್ತಾನೆ. ಡ್ರೈವರ್ ಮಾತ್ರ ತಟ್ಟೆಯಿಂದ ತಲೆಯೆತ್ತದೆ, ‘ಸತ್ಯ ಹೇಳ್ಲಾ ಸಾರ್, ನಮ್ಮ ಮನೇಲೇ ಯಾರೂ ರೇಡಿಯೋ ಹಾಕಲ್ಲ. ನಮ್ಮತ್ತೆ ಕರೆಂಟು ತಗೊಳ್ಳೋಕೆ ಹೆಸರು ಬರೆಸಿ ನಾಲ್ಕು ತಿಂಗಳಾಯ್ತು’ ಎಂದ. ನಿಲಯದ ನಲವತ್ತೊಂದು ಜನರ ಕೆಲಸ ಅವನ ಆ ಮಾತಿನ ಎದುರು ಕೂತು ಊಟ ಮಾಡಿತು.

ನನಗೂ ನೆನಪಿದೆ. ಇಲ್ಲಿ ಯಂತ್ರವಿಲ್ಲವೆಂದು ಮೂವತ್ತಮೂರು ದಿನ ಬೆಳಗಿನ ಐದರ ಬಸ್ಸಿಗೆ ನಿನ್ನನ್ನು ಹತ್ತಿಸಿಕೊಂಡು ಹೋಗಿದ್ದೆ. ಹೋಗಲು ನಾಲ್ಕು ಗಂಟೆ, ಯಂತ್ರದ ಕೆಳಗೆ ಆರು ನಿಮಿಷ, ಬರಲು ನಾಲ್ಕು ಗಂಟೆ. ಇಪ್ಪತ್ತನೇ ದಿನದಿಂದ ನಿನಗೆ ನೀರೂ ಇಳಿಯುತ್ತಿರಲಿಲ್ಲ. ನೀನು ಕಿಟಕಿಗೆ ತಲೆ ಆನಿಸಿ ಕೂತಿರುತ್ತಿದ್ದೆ, ಮಡಿಲಲ್ಲಿ ಸ್ಲೇಟು. ಆ ಯಂತ್ರ ಬೇಡ, ರೇಡಿಯೋ ಇರಲಿ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ನಿಲಯ ಮುಚ್ಚಿ ಎನ್ನಲೂ ಏಳುವುದಿಲ್ಲ, ಇಪ್ಪತ್ತೇಳು ವರ್ಷ ಅನ್ನ ಹಾಕಿದೆ. ಎರಡರಲ್ಲಿ ಒಂದನ್ನು ಆರಿಸು ಎನ್ನುವವರನ್ನು ಒಮ್ಮೆ ಆ ಬಸ್ಸಿನಲ್ಲಿ ಕೂರಿಸಬೇಕು, ಇನ್ನೊಮ್ಮೆ ಈ ಕಪಾಟುಗಳ ನಡುವೆ.

ಆ ದಿನಗಳಲ್ಲಿ ಮನೆಯಲ್ಲಿ ನಾನೂ ಮಾತು ಬಿಟ್ಟೆ. ನೀನು ಸ್ಲೇಟಿನಲ್ಲಿ ಬರೆಯುತ್ತಿದ್ದೆ, ನಾನೂ ಅದರ ಕೆಳಗೆ ಬರೆಯುತ್ತಿದ್ದೆ. ನಿನ್ನ ಮುಂದೆ ಗಂಟಲು ತೆರೆದರೆ ನಿನಗೆ ನೋವಾದೀತು ಎಂದುಕೊಂಡಿದ್ದೆ. ನೀನು ಹೋಗುವ ದಿನ ಸ್ಲೇಟಿನಲ್ಲಿ ‘ಸಾಕಾಯಿತು’ ಎಂದಷ್ಟೇ ಬರೆದಿಟ್ಟಿದ್ದೆ. ಏನು ಸಾಕಾಯಿತು ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಆ ಸ್ಲೇಟು ಒರೆಸಿದ್ದೇನೆ.

ಸೋಮವಾರ ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಬಹುದು. ಹೇಳಿಕೆ ಬದಲಿಸಬಹುದು. ನನ್ನ ಮೇಲೆ ದೂರು ಬರೆದರೂ ತಪ್ಪಲ್ಲ. ಪೆಟ್ಟಿಗೆ ಕಳಿಸು ಎಂದು ಬರೆದುಕೊಟ್ಟಿದ್ದಾರೆ, ನಾನು ಕಳಿಸುತ್ತೇನೆ. ಸಭೆಗೆ ಬರುವುದಿಲ್ಲ.

ಅಕ್ಕನಿಗೆ ನಮಸ್ಕಾರ ತಿಳಿಸು. ಬೇಡವೆಂದರೆ ಬಿಡು.

ಇಂತು,
ನಿನ್ನವನು ಎಂದು ಬರೆಯಲು ಹೋಗಿ ಕೈ ತಡೆದವನು

ಮ.ವಿ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಚ್ಚಿದೆ.

ಜ್ವರ ಸುಳ್ಳು. ಸಂಬಳದ ವಿಭಾಗದವನೂ ಸುಳ್ಳು. ಪಟ್ಟಿ ಬಂದ ದಿನ ನಾನು ಇಲ್ಲೇ, ಇದೇ ಮೇಜಿನ ಮುಂದೆ ಇದ್ದೆ. ‘ಐದೂಕಾಲರ ಕಥೆ, ಸರಣಿ, ೨೦೬ ಟೇಪು’ ಎಂದು ಒಂದೇ ಸಾಲಿನಲ್ಲಿ ಟೈಪು ಮಾಡಿದ್ದರು. ಸರಣಿ ಎಂದರೆ ಲೆಕ್ಕಕ್ಕೆ ಒಂದೇ ಹೆಸರು. ಒಂದು ಗೀಟು ಸಾಕಿತ್ತು. ಆ ದಿನ ಹತ್ತರಲ್ಲಿ ಏಳು ಗೀಟು ಹಾಕಿದೆ, ಕೊಳಲಿನದಕ್ಕೆ ಹಾಕಿದೆ, ಬೀಜ ಬಿತ್ತುವ ಹಾಡಿಗೆ ಹಾಕಿದೆ. ಮೂರು ಹಾಗೇ ಉಳಿದವು.

ನಿನ್ನ ಆಪರೇಷನ್ ಆದ ಮೇಲೆ ದಿನವೂ ಊಟದ ಬಿಡುವಿನಲ್ಲಿ ಕೇಳುವ ಕೋಣೆಗೆ ಹೋಗಿ ನಿನ್ನ ಒಂದು ಕಥೆ ಹಾಕಿಕೊಂಡು ಕೇಳುತ್ತಿದ್ದೆ. ಮನೆಗಿಂತ ಅಲ್ಲಿ ನಿನ್ನ ಜೊತೆ ಇದ್ದಂತಾಗುತ್ತಿತ್ತು. ನೀನು ಮನೆ ಬಿಟ್ಟೆ. ಟೇಪಿನ ದನಿ ಮಾತ್ರ ಏನೂ ಆಗಿಲ್ಲವೆಂಬಂತೆ, ಅದೇ ಉತ್ಸಾಹದಲ್ಲಿ, ‘ಮಕ್ಕಳೇ, ಎಲ್ಲರೂ ಬಂದಿರಾ?’ ಎನ್ನುತ್ತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ಮೂರು ವರ್ಷ ಆ ಸಿಟ್ಟು ಇಟ್ಟುಕೊಂಡಿದ್ದೆ. ಪಟ್ಟಿ ಬಂದಾಗ ಅದು ಕೈಗೆ ಇಳಿಯಿತು.

ಅಳಿಸಿದವನೂ ನಾನೇ. ಅಳಿಸುವ ಯಂತ್ರದ ಹತ್ತಿರ ಹೋಗುವಾಗ ಕೈಗಡಿಯಾರ ಬಿಚ್ಚಿಡಬೇಕು, ಇಲ್ಲದಿದ್ದರೆ ಗಡಿಯಾರ ನಿಂತುಹೋಗುತ್ತದೆ. ಬಿಚ್ಚಿಟ್ಟೆ. ಒಂದೊಂದನ್ನೇ ಇಟ್ಟು, ಗುಂಡಿ ಒತ್ತಿ, ಒಂದು ಸುತ್ತು ತಿರುಗಿಸಿ ಎತ್ತುವುದು. ಮೂರು ಮಧ್ಯಾಹ್ನ ಹಿಡಿಯಿತು. ಕೊನೆಯದನ್ನು ಎತ್ತಿದ ಮೇಲೆ ಹೋಗಿ ಕಾಫಿ ಕುಡಿದೆ.


ಅಕ್ಕನ ಮನೆಯಿಂದ
ಮಾರ್ಚ್ ೧೦, ಮಂಗಳವಾರ

ನಿಮಗೆ,

‘ರೀ’ ಎಂದು ಬರೆದು ನೋಡಿದೆ. ಕಾಗದದ ಮೇಲೆ ಅದಕ್ಕೆ ರಾಗವೇ ಬರುವುದಿಲ್ಲ. ಹೊಡೆದುಹಾಕಿದೆ.

ನಿಮ್ಮ ಪತ್ರ ಶನಿವಾರ ಮಧ್ಯಾಹ್ನ ಬಂತು. ಆಗ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ. ನಿಂತೇ ಓದಿದೆ, ಮಡಿಸಿ ಇಟ್ಟೆ, ಮತ್ತೆ ಕೂತು ಹನ್ನೊಂದು ಅಂಗಿ ಮುಗಿಸಿದೆ. ಸಂಜೆ ಅಕ್ಕ ಎತ್ತಿ ನೋಡಿದರೆ ಅಷ್ಟೂ ಗುಂಡಿ ಕಾಜಾ ಇರುವ ಕಡೆಗೇ ಬಿದ್ದಿದ್ದವು. ‘ಎಲ್ಲಿತ್ತೇ ನಿನ್ನ ಜ್ಞಾನ?’ ಎಂದು ರೇಗಿದಳು. ಪತ್ರ ಕೊಟ್ಟೆ. ಓದಿದ ಮೇಲೆ ಬೈಯುವುದು ನಿಲ್ಲಿಸಿ, ಅವಳೇ ಕೂತು ಗುಂಡಿ ಬಿಚ್ಚಿದಳು. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ದನಿ ಬೇಕು ಎಂದು ಈ ಏಳು ವರ್ಷದಲ್ಲಿ ಕಲಿತಿದ್ದೇನೆ. ಬರೀ ಕಣ್ಣಿನಿಂದ ಅತ್ತರೆ ಅರ್ಧಕ್ಕೇ ನಿಂತ ಹಾಗಿರುತ್ತದೆ.

ಜ್ವರದ ಸುಳ್ಳು ಆ ಸಾಲು ಓದುವಾಗಲೇ ಗೊತ್ತಾಯಿತು. ಮದುವೆಯ ದಿನ ನೂರಾ ಎರಡು ಡಿಗ್ರಿ ಇದ್ದರೂ ಅರ್ಧ ದಿನ ಕೆಲಸಕ್ಕೆ ಹೋಗಿ ಬಂದವರು ನೀವು. ಆ ಸಂಬಳದ ವಿಭಾಗದ ಪಾಪದ ಮನುಷ್ಯನನ್ನು ಸುಮ್ಮನೆ ಎಳೆದಿರಿ.

ಕೇಳುವ ಕೋಣೆಯ ವಿಷಯ ನೀವು ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಆಪರೇಷನ್ ಆಗಿ ಎರಡನೇ ವರ್ಷ, ಒಂದು ದಿನ ನೀವು ಕನ್ನಡಕ ಮರೆತು ಹೋಗಿದ್ದಿರಿ. ಕೊಟ್ಟು ಬರೋಣ ಎಂದು ನಿಲಯಕ್ಕೆ ಬಂದೆ. ಭಂಡಾರದಲ್ಲಿ ನೀವಿರಲಿಲ್ಲ. ಕೇಳುವ ಕೋಣೆಯ ಗಾಜಿನಾಚೆ ಕೂತಿದ್ದಿರಿ, ಕಿವಿಗೆ ಹೆಡ್‌ಫೋನು. ನಿಮ್ಮ ಮುಖದಲ್ಲಿ ನಗು. ಮನೆಯಲ್ಲಿ ನಾನು ಅದನ್ನು ನೋಡಿ ವರ್ಷದ ಮೇಲಾಗಿತ್ತು. ಕಥೆ ಹೇಳುವಾಗ ನಾನು ಸಾಲಿಗೊಮ್ಮೆ ಜಾಗ ಬಿಡುತ್ತಿದ್ದೆನಲ್ಲ, ಮನೆಯಲ್ಲಿ ಕೂತ ಮಕ್ಕಳು ಹೂಂಗುಟ್ಟಲಿ ಎಂದು. ಆ ಜಾಗ ಬಂದಾಗಲೆಲ್ಲ ನೀವು ಬಾಯಿಬಿಟ್ಟು ಹೂಂ ಎನ್ನುತ್ತಿದ್ದಿರಿ. ಗಾಜಿನಿಂದ ಕೇಳುವುದಿಲ್ಲ, ಆದರೆ ತುಟಿ ಕಾಣುತ್ತದೆ. ಕನ್ನಡಕವನ್ನು ನಿಮ್ಮ ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಸಂಜೆ ನೀವು ಮನೆಗೆ ಬಂದು ಸ್ಲೇಟಿನಲ್ಲಿ ‘ಊಟವಾಯಿತೆ?’ ಎಂದು ಬರೆದಿರಿ. ಸಾಕಾಗಿದ್ದು ಅದು. ಆಗಲೇ ಹೇಳಿದ್ದರೆ ನಿಮಗೆ ಅರ್ಥವಾಗುತ್ತಿತ್ತೋ ಏನೋ. ನನಗೂ ಸ್ಲೇಟಿನಲ್ಲಿ ಅಷ್ಟು ಉದ್ದ ಬರೆಯುವ ತಾಳ್ಮೆ ಇರಲಿಲ್ಲ.

ಹಾಗಾಗಿ ಟೇಪಿನ ಮೇಲೆ ನನಗೂ ಸಿಟ್ಟಿತ್ತು. ಅಳಿಸಿದ್ದಕ್ಕೆ ನಿಮ್ಮ ಮೇಲೆ ಸಿಟ್ಟು ಬರಬೇಕು ಎಂದು ಮೂರು ದಿನದಿಂದ ಕಾಯುತ್ತಿದ್ದೇನೆ. ಬಂದಾಗ ಬೇರೆ ಪತ್ರ ಬರೆಯುತ್ತೇನೆ.

ಸಭೆಗೆ ಹೋಗಿದ್ದೆ. ಅಕ್ಕನೂ ಬಂದಿದ್ದಳು. ಪುರಭವನದ ಎಡಗಡೆ ಆಸ್ಪತ್ರೆಯವರು, ಬಲಗಡೆ ನಿಲಯದವರು. ನನ್ನ ಕತ್ತು ಕೊಯ್ದ ಡಾಕ್ಟರು ಎಡಗಡೆ ಮೊದಲ ಸಾಲಿನಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತು ಕೈಮುಗಿದರು, ಎಷ್ಟಾದರೂ ನಾನು ಅವರ ಕೈಯಲ್ಲಿ ಬದುಕಿದವಳು. ಯಾವ ಕಡೆ ಕೂರಬೇಕೆಂದು ಗೊತ್ತಾಗಲಿಲ್ಲ. ಅಕ್ಕ ಕೈಹಿಡಿದು ಹಿಂದಿನ ಬಾಗಿಲ ಪಕ್ಕದ ಬೆಂಚಿಗೆ ಎಳೆದುಕೊಂಡು ಹೋದಳು.

ಭಾನುವಾರ ಕೂತು ಹೇಳಿಕೆಯನ್ನು ಹೊಸದಾಗಿ ಬರೆದಿದ್ದೆ. ನಿರ್ದೇಶಕರಿಗೆ ತೋರಿಸಲಿಲ್ಲ, ನೇರವಾಗಿ ಗುಮಾಸ್ತನ ಕೈಗೆ ಕೊಟ್ಟೆ. ಮೊದಲ ಸಾಲಿನಲ್ಲೇ ಟೇಪು ಹಾಕಿ ಎಂದಿತ್ತು. ಹಾಕಿದರು. ಪಶುವೈದ್ಯರು ಮರಿಗಳಿಗೆ ನೀರು ಕುಡಿಸಲು ಶುರುಮಾಡಿದರು. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಸಭೆಯೆಲ್ಲ ನಕ್ಕಿತು. ನಿರ್ದೇಶಕರು ಎದ್ದು ಯಂತ್ರದ ಕಡೆ ಓಡಿದರು. ಅಧ್ಯಕ್ಷೆ ಕೈಯೆತ್ತಿ ತಡೆದು, ಮುಂದೆ ಓದಿ ಎಂದು ಗುಮಾಸ್ತನಿಗೆ ಹೇಳಿದರು. ಅವನು ಓದಿದ. ನಾನು ಬರೆದದ್ದು ನೆನಪಿರುವಷ್ಟು ಇಲ್ಲಿ ಬರೆಯುತ್ತೇನೆ.

ನೀವು ಈಗ ಕೇಳಿದ ಟೇಪಿನಲ್ಲಿ ಒಂದು ಕಾಲಕ್ಕೆ ನನ್ನ ಕಥೆ ಇತ್ತು. ಕೋಳಿಯವರ ಮೇಲೆ ನನಗೆ ಮುನಿಸಿಲ್ಲ, ಅವರಿಗೂ ಒಂದು ಹೊಸ ಟೇಪು ಸಿಗಬೇಕಿತ್ತು. ಅನುದಾನ ನಿಲ್ಲಿಸಿದರೆ ಏನಾಗುತ್ತದೆ ಎಂದು ನೀವು ಎಲ್ಲರನ್ನೂ ಕೇಳುತ್ತಿದ್ದೀರಿ. ಅರ್ಧ ನಿಲ್ಲಿಸಿದ್ದಕ್ಕೆ ಇಷ್ಟಾಗಿದೆ. ಅರೆಹೊಟ್ಟೆಯಲ್ಲಿಟ್ಟರೆ ನಿಲಯ ತನ್ನನ್ನು ತಾನೇ ತಿಂದುಕೊಂಡು ಬದುಕುತ್ತದೆ. ಆಸ್ಪತ್ರೆಗೆ ಯಂತ್ರ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ ಅದರ ಕೆಳಗೆ ಮಲಗಿ ಬಂದವಳು ನಾನು. ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಬೇಡಿ. ಆರಿಸುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರು ನೀವು. ಕೊಡುವುದಾದರೆ ಪೂರ್ತಿ ಕೊಡಿ, ಮುಚ್ಚುವುದಾದರೆ ಮರ್ಯಾದೆಯಿಂದ ಮುಚ್ಚಿ.

ಗುಮಾಸ್ತ ಪಡಿತರದ ಪಟ್ಟಿ ಓದಿದ ಹಾಗೆ ಓದಿದ. ಒಂದು ಕಡೆ ಉಸಿರು ಸಾಲದೆ ವಾಕ್ಯವನ್ನು ನಡುವೆಯೇ ಮುರಿದ. ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಎಂದು ನನ್ನ ಗಂಟಲಿಗೆ ಗೊತ್ತಿತ್ತು, ಹೇಳಲು ಗಂಟಲಿರಲಿಲ್ಲ. ಅಷ್ಟು ಹೊತ್ತು ಮಾತ್ರ ನನಗೆ ನಿಜವಾಗಿ ಸಂಕಟವಾಯಿತು.

ಸಮಿತಿಯ ಒಬ್ಬರು, ಅಳಿಸಿದವರು ಯಾರು ಎಂದು ಕೇಳಿದರು. ನಿಮ್ಮ ಪತ್ರ ನನ್ನ ಚೀಲದಲ್ಲೇ ಇತ್ತು. ‘ನಿಯಮದ ಪ್ರಕಾರ’ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಉಪಕಾರ ಎಂದುಕೊಳ್ಳಬೇಡಿ. ಚೀಟಿ ಚಿಕ್ಕದಿತ್ತು.

ಸಂಜೆ ಐದಕ್ಕೆ ತೀರ್ಮಾನ ಓದಿದರು. ನಿಲಯಕ್ಕೆ ಅರ್ಧ, ಆಸ್ಪತ್ರೆಗೆ ಅರ್ಧ. ಅರ್ಧ ಹಣಕ್ಕೆ ಯಂತ್ರ ಬರುವುದಿಲ್ಲ, ಹಾಗಾಗಿ ಸದ್ಯಕ್ಕೆ ಯಂತ್ರ ಇಡುವ ಕೋಣೆ ಕಟ್ಟುತ್ತಾರಂತೆ. ನಿಲಯದಲ್ಲಿ ಇನ್ನು ರಾಜಧಾನಿಯ ಕಾರ್ಯಕ್ರಮವನ್ನು ಹಿಡಿದು ಹಾಗೇ ಪ್ರಸಾರಕ್ಕೆ ಬಿಡುವುದಷ್ಟೇ ಕೆಲಸ. ಧ್ವನಿಭಂಡಾರವನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಇಷ್ಟು ಹೊತ್ತಿಗೆ ನಿಮಗೆ ಆದೇಶ ಬಂದಿರುತ್ತದೆ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರೂ ತಟ್ಟುತ್ತಿದ್ದರಲ್ಲ ಎಂದು. ಡಾಕ್ಟರು ಮಾತ್ರ ಕೈಕಟ್ಟಿ ಕೂತಿದ್ದರು.

ಹೊರಗೆ ಬಂದಾಗ ನಿಮ್ಮ ಡ್ರೈವರ್ ಕಾರಿನ ಹತ್ತಿರ ನಿಂತಿದ್ದ. ನನ್ನನ್ನು ಗುರುತು ಹಿಡಿದು, ‘ಕಥೆಯಕ್ಕ, ಚಿಕ್ಕವನಿದ್ದಾಗ ನಿಮ್ಮ ಕಥೆ ಕೇಳಿಕೊಂಡೇ ಊಟ ಮಾಡ್ತಿದ್ದೆ’ ಎಂದ. ಯಾವ ಕಥೆ ಎಂದು ಬರೆದು ಕೇಳಿದೆ. ತುಂಬಾ ಯೋಚಿಸಿದ. ‘ಕಥೆ ನೆನಪಿಲ್ಲಕ್ಕ, ನೀವು ನೆನಪಿದೀರಾ’ ಎಂದ.

ಅಕ್ಕ ನಿಮ್ಮ ನಮಸ್ಕಾರಕ್ಕೆ ಉತ್ತರ ಕೊಟ್ಟಿಲ್ಲ. ನಲ್ಲಿಗೆ ಒಂದು ವಾಷರು ಹಾಕಿಸಬೇಕಂತೆ, ಅಷ್ಟು ಹೇಳಿದಳು.

ಇಂತಿ,
ರಜೆಯ ಮೇಲಿರುವ ನಿಮ್ಮ ಮನೆಯವಳು

ಮ.ವಿ: ಇದನ್ನು ಹೇಳಿಕೆಯಲ್ಲೂ ಬರೆದಿರಲಿಲ್ಲ, ಅಕ್ಕನಿಗೂ ಹೇಳಿಲ್ಲ. ಆ ಇನ್ನೂರ ಆರು ಕಥೆಗಳಲ್ಲಿ ಒಂದನ್ನೂ ನಾನು ಪೂರ್ತಿ ಕೇಳಿಲ್ಲ. ಪ್ರಸಾರವಾಗುವಾಗ ನಾನು ಒಳಗೆ ಮುಂದಿನ ಕಾರ್ಯಕ್ರಮಕ್ಕೆ ಕೂತಿರುತ್ತಿದ್ದೆ. ತಪ್ಪು ತಿದ್ದಲು ಅಲ್ಲೊಂದು ಇಲ್ಲೊಂದು ಸಾಲು ಕೇಳಿದ್ದುಂಟು, ಅದೂ ತಪ್ಪಿದ್ದ ಸಾಲನ್ನು ಮಾತ್ರ. ನಿವೃತ್ತಿಯಾದ ಮೇಲೆ ಒಂದು ಕಡೆಯಿಂದ ಕೂತು ಕೇಳಬೇಕು ಎಂದಿದ್ದೆ. ಈಗ ಅದು ಹೇಗಿತ್ತು ಎಂದು ಪೂರ್ತಿ ಗೊತ್ತಿರುವವರು ನೀವೊಬ್ಬರೇ. ಗುರುವಾರ ಅಂಗಡಿಗೆ ರಜೆ, ಅಕ್ಕ ಮನೆಯಲ್ಲಿರುವುದಿಲ್ಲ. ಬಂದು ಹೇಳಿ. ಬರೆದು ತರಬೇಡಿ, ಬಾಯಿಬಿಟ್ಟು ಹೇಳಿ.